ಆ ದಿನ ನಾನು ತಿಪಟೂರಿನಲ್ಲಿದ್ದೆ

"ಅದು ಕಾನ್ಫಿಡೆನ್ಶಿಯಲ್ ಮೇಡಂ, ಕೊಡೋಕಾಗಲ್ಲ."

2023ರ ಮೇ ತಿಂಗಳಲ್ಲಿ ಎಚ್‌ಆರ್ ನನಗೆ ಹೇಳಿದ ಮಾತು ಇದು. ನಾನು ಕೇಳಿದ್ದು ಯಾರದ್ದೋ ಗುಟ್ಟನ್ನಲ್ಲ. ನನ್ನ ಕೆಲಸದ ಬಗ್ಗೆ, ನನ್ನ ಹೆಸರು ಹಾಕಿ ಬರೆದಿಟ್ಟಿದ್ದ ಕಾಗದಗಳನ್ನು. ಅದನ್ನು ಓದಿ ನನ್ನನ್ನು ಕೆಲಸದಿಂದ ತೆಗೆಯಬಹುದಂತೆ, ಆದರೆ ನಾನು ಮಾತ್ರ ಓದುವ ಹಾಗಿಲ್ಲವಂತೆ. ಆ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ಲಿಫ್ಟಿನಲ್ಲಿ ಪರಿಚಯದವರು ಸಿಗುತ್ತಾರೆ ಅಂತ ಮೆಟ್ಟಿಲು ಹಿಡಿದಿದ್ದೆ, ಅಷ್ಟು ನೆನಪಿದೆ.

ಇದನ್ನು ಇಷ್ಟು ದಿನ ಬರೆದಿರಲಿಲ್ಲ. ಹೋದ ತಿಂಗಳು ನಮ್ಮ ಊರಿನ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿ, "ಅಕ್ಕಾ, ನಂಗೂ ಹಂಗೇ ಆಗ್ತಿದೆ, ಫೈಲ್ ಕೇಳಿದ್ರೆ ಕೊಡಲ್ಲ ಅಂತಾರೆ, ಕೇಳೋ ಹಕ್ಕಾದ್ರೂ ಇದೆಯಾ ನಮಗೆ?" ಅಂದಳು. ಒಂದೂವರೆ ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೆ ಅನ್ನಿಸಿತು, ಇದನ್ನು ಬರೆದೇ ಇಡಬೇಕು.

ನಾನು 2016ರಲ್ಲಿ ಬೆಂಗಳೂರಿನ ಆ ಕಂಪನಿಗೆ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಹೆಸರು ಬೇಡ. ಮೊದಲ ಆರು ವರ್ಷ ಚೆನ್ನಾಗಿಯೇ ಇತ್ತು. 2022ರಲ್ಲಿ ಮ್ಯಾನೇಜರ್ ಬದಲಾದರು. ಕಿರುಕುಳ ಅಂದರೆ ಕೂಗಾಟ, ಬೈಗುಳ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಒಂದು ದಿನವೂ ಅವರು ಕೂಗಲಿಲ್ಲ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ "ನೆಕ್ಸ್ಟ್" ಅನ್ನುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿ ಬೆಳಿಗ್ಗೆ ಎಂಟಕ್ಕೆ ರಿಪೋರ್ಟ್ ಬೇಕು ಅನ್ನುತ್ತಿದ್ದರು. ಕಳಿಸಿದರೆ ಎರಡು ದಿನ ತೆಗೆದೇ ನೋಡುತ್ತಿರಲಿಲ್ಲ. ಪ್ರಾಜೆಕ್ಟಿನ ಮೇಲ್ ಗುಂಪಿನಿಂದ ನನ್ನ ಹೆಸರು ತೆಗೆಸಿದರು, ಆಮೇಲೆ ಎಲ್ಲರ ಎದುರಿಗೆ "ಇದೂ ಗೊತ್ತಿಲ್ವಾ ನಿನಗೆ?" ಅಂತ ಕೇಳಿದರು. ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸಿ ಟೀಮನ್ನು ನಗಿಸಿದರು. ಒಂದೊಂದೇ ಹೇಳಿದರೆ ಎಲ್ಲವೂ ಸಣ್ಣ ವಿಷಯವೇ. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರೇ "ಅಷ್ಟಕ್ಕೇ ಅಳ್ತೀಯಾ?" ಅಂದಿದ್ದರು, ಪಾಪ, ಅವರಿಗೂ ಅರ್ಥವಾಗಿರಲಿಲ್ಲ. ಇಂಥ ಹಿಂಸೆಗೆ ಒಂದೇ ಒಂದು ದೊಡ್ಡ ಸಾಕ್ಷಿ ಅಂತ ಇರುವುದಿಲ್ಲ. ನೂರು ಚೂರು ಇರುತ್ತವೆ, ತಾರೀಕಿನ ಪ್ರಕಾರ ಜೋಡಿಸಿದರೆ ಮಾತ್ರ ಅದರ ಆಕಾರ ಕಾಣುತ್ತದೆ. ಆ ಚೂರುಗಳಲ್ಲಿ ಮುಕ್ಕಾಲು ಪಾಲು ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ.

2023ರ ಫೆಬ್ರವರಿ ಮಧ್ಯದಲ್ಲಿ ನನ್ನನ್ನು ಪಿಐಪಿಗೆ ಹಾಕಿದರು. ಐಟಿಯವರಿಗೆ ಈ ಮೂರು ಅಕ್ಷರ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಅರವತ್ತು ದಿನದಲ್ಲಿ ನಿನ್ನ ಕೆಲಸ ಸುಧಾರಿಸಬೇಕು, ಇಲ್ಲದಿದ್ದರೆ ಹೊರಗೆ ಅಂತ ಬರೆದು ಕೊಡುವ ಕಾಗದ. ಅದೇ ತಿಂಗಳ 27ಕ್ಕೆ ಅಪ್ಪ ತೀರಿಕೊಂಡರು. ನಾನು ರಜೆ ಹಾಕಿ ತಿಪಟೂರಿಗೆ ಹೋದೆ, ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಬಂದೆ. ವಾಪಸ್ ಬಂದಾಗ ಮೇಜಿನ ಮೇಲೆ ನನ್ನ ಕಪ್ ಇರಲಿಲ್ಲ, ಜಾಗ ಬದಲಾಯಿಸಿದ್ದರು. ಮೇ ತಿಂಗಳಲ್ಲಿ ಎಚ್‌ಆರ್ ಕೋಣೆಗೆ ಕರೆದು, ನೀನೇ ರಾಜೀನಾಮೆ ಬರೆದುಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗಿ ಬರುತ್ತದೆ, ಇಲ್ಲಾಂದ್ರೆ ನಾವೇ ತೆಗೀತೀವಿ ಅಂದರು. ಇವತ್ತೇ ಸಹಿ ಮಾಡಬೇಕು ಅಂದರು.

ನಾನು ಮಾಡಲಿಲ್ಲ. ಅದು ಧೈರ್ಯ ಅಲ್ಲ. ಕೈ ನಡುಗುತ್ತಿತ್ತು, ಪೆನ್ನು ಹಿಡಿಯಲಾಗಲಿಲ್ಲ, ಅಷ್ಟೇ. ಆದರೆ ಆ ದಿನ ಸಹಿ ಮಾಡದೆ ಎದ್ದು ಬಂದದ್ದೇ ಮುಂದಿನ ಎಲ್ಲಕ್ಕೂ ದಾರಿ ಮಾಡಿಕೊಟ್ಟಿತು. ತಾನಾಗಿ ರಾಜೀನಾಮೆ ಕೊಟ್ಟವರು ಆಮೇಲೆ "ನನ್ನನ್ನು ತೆಗೆದರು" ಅಂತ ಸಾಬೀತು ಮಾಡುವುದು ಬಹಳ ಕಷ್ಟ. ಆ ಹುಡುಗಿಗೂ ಮೊದಲು ಹೇಳಿದ್ದು ಇದನ್ನೇ. ಇವತ್ತೇ ಅಂದವರಿಗೆ, ಓದಿ ನಾಳೆ ಹೇಳ್ತೀನಿ ಅನ್ನು.

ನನಗೆ ದಾರಿ ತೋರಿಸಿದವರು ನಮ್ಮ ಚಿಕ್ಕಪ್ಪ. ಅವರು ವಕೀಲರಲ್ಲ. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರಾಗಿ ನಿವೃತ್ತಿಯಾದವರು. ಕಡತ, ಟಿಪ್ಪಣಿ ಹಾಳೆ, ಟಪಾಲು ಅಂತಲೇ ಮೂವತ್ತು ವರ್ಷ ಕಳೆದವರು. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಮಗಾ, ಇದನ್ನೆಲ್ಲ ಅವ್ರಿಗೆ ಬರ್ದು ಕೊಟ್ಟಿದೀಯಾ? ಸ್ವೀಕೃತಿ ಇದೆಯಾ?"

ಇರಲಿಲ್ಲ. ಮೂರು ಸಲ ಎಚ್‌ಆರ್ ಹತ್ತಿರ ಹೋಗಿ ಬಾಯಲ್ಲಿ ಹೇಳಿದ್ದೆ. ಅವರು ತಲೆ ಆಡಿಸಿದ್ದರು. ಅದಕ್ಕೆ ಎಲ್ಲೂ ದಾಖಲೆ ಇರಲಿಲ್ಲ.

ಅವತ್ತು ರಾತ್ರಿ ಕೂತು ಒಂದು ಮೇಲ್ ಬರೆದೆ. ನಾಲ್ಕು ಪುಟ. ಒಂದೂವರೆ ವರ್ಷದ ನೋವೆಲ್ಲ ಅದರಲ್ಲಿತ್ತು, ಕೊನೆಗೆ "ನನಗೆ ಸಂಬಂಧಪಟ್ಟ ಎಲ್ಲಾ ದಾಖಲೆಗಳನ್ನು ಕೊಡಿ" ಅಂತ ಇತ್ತು. ಎರಡು ದಿನಕ್ಕೆ ಒಂದು ಸಾಲಿನ ಉತ್ತರ ಬಂತು, ನಿಮ್ಮ ಕಳಕಳಿಯನ್ನು ಗಮನಿಸಲಾಗಿದೆ ಅಂತ. ಚಿಕ್ಕಪ್ಪ ಅದನ್ನು ಓದಿ, ನೀನು ಎಲ್ಲಾ ಕೇಳಿದೀಯಾ, ಅದಕ್ಕೇ ಅವರು ಏನೂ ಕೊಟ್ಟಿಲ್ಲ ಅಂದರು. ಎರಡನೇ ಪತ್ರ ಇಬ್ಬರೂ ಕೂತು ಬರೆದೆವು. ಅದರಲ್ಲಿ ನೋವಿನ ಮಾತು ಒಂದೂ ಇರಲಿಲ್ಲ. ಹತ್ತು ಸಾಲು, ಒಂದೊಂದು ಸಾಲಿಗೆ ಒಂದು ಕಾಗದ. 2016ರ ನೇಮಕಾತಿ ಪತ್ರ ಮತ್ತು ಅದರ ಜೊತೆಗಿನ ಷರತ್ತುಗಳು. 2019ರಿಂದ 2022ರವರೆಗಿನ ಅಪ್ರೈಸಲ್ ಹಾಳೆಗಳು, ರೇಟಿಂಗ್ ಕೊಟ್ಟವರ ಷರಾ ಸಮೇತ. ಪಿಐಪಿ ಕಾಗದ, ಆಮೇಲೆ ನಡೆಯಿತು ಅನ್ನುವ ಪ್ರತಿ ರಿವ್ಯೂ ಮೀಟಿಂಗಿನ ಟಿಪ್ಪಣಿ. ಮೇಲ್ ಗುಂಪಿನಿಂದ ನನ್ನನ್ನು ತೆಗೆದ ದಿನ, ತೆಗೆಸಿದವರು ಯಾರು. ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ಯಾರು ಯಾರಿದ್ದಾರೆ, ಅದರ ನಿಯಮ ಏನು. ನನ್ನ ರಜೆಯ ದಾಖಲೆ. ಹೀಗೆ. ಪ್ರತಿಯೊಂದಕ್ಕೂ ತಾರೀಕು, ಗೊತ್ತಿಲ್ಲದ ಕಡೆ ತಿಂಗಳು. ಹದಿನೈದು ದಿನದಲ್ಲಿ ಕೊಡಿ, ಕೊಡಲಾಗದಿದ್ದರೆ ಯಾವ ಕಾರಣಕ್ಕೆ ಅಂತ ಬರೆದು ತಿಳಿಸಿ ಅನ್ನುವುದು ಕೊನೆಯ ಸಾಲು. ಮೇಲ್ ಜೊತೆಗೆ ರಿಜಿಸ್ಟರ್ ಎಡಿಯಲ್ಲೂ ಕಳಿಸಿದೆವು. (ಈಗ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ, 2025ರಲ್ಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಂಡರೆ ಆಯಿತು.)

ಹತ್ತರಲ್ಲಿ ಮೂರು ಕೊಟ್ಟರು. ನೇಮಕಾತಿ ಪತ್ರ, ಪಿಐಪಿಯ ಮೊದಲ ಪುಟ, ಎರಡು ವರ್ಷದ ಅಪ್ರೈಸಲ್. ಉಳಿದ ಏಳಕ್ಕೆ ಉತ್ತರವೇ ಇಲ್ಲ. ನನಗೆ ಸಿಟ್ಟು ಬಂತು, ಚಿಕ್ಕಪ್ಪನಿಗೆ ಖುಷಿಯಾಯಿತು. ಕೇಳಿದ್ದು ಇಂಥ ದಿನ, ಇಂಥ ಕಾಗದ, ಕೊಡಲಿಲ್ಲ ಅನ್ನುವುದು ಈಗ ದಾಖಲೆ ಆಯ್ತಲ್ಲ ಅಂದರು. ಆಗ ಅದರ ಬೆಲೆ ನನಗೆ ಗೊತ್ತಾಗಲಿಲ್ಲ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಹಳೇ ಕಾಲದಿಂದ ಒಂದು ಮಾತಿದೆ. ತನ್ನ ಕೈಯಲ್ಲಿರುವ ಸಾಕ್ಷ್ಯವನ್ನು ಒಬ್ಬರು ಹಾಜರುಪಡಿಸದೆ ಹೋದರೆ, ಅದು ಬಂದಿದ್ದರೆ ಅವರಿಗೇ ವಿರುದ್ಧವಾಗುತ್ತಿತ್ತು ಅಂತ ಕೋರ್ಟು ಊಹಿಸಬಹುದು. 1872ರ ಕಾಯ್ದೆಯಲ್ಲಿ ಅದು 114ನೇ ಸೆಕ್ಷನ್ನಿನಲ್ಲಿತ್ತು, 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೆ ನೀವು ಕೇಳಿದ್ದಕ್ಕೇ ಪುರಾವೆ ಇಲ್ಲದಿದ್ದರೆ, ಅವರು ಕೊಡಲಿಲ್ಲ ಅಂತ ಹೇಳುವುದು ಹೇಗೆ, ಅಲ್ವಾ?

ಒಂದು ತಪ್ಪನ್ನು ನಾನು ಮಾಡುವುದರಲ್ಲಿದ್ದೆ, ಅದನ್ನು ಹೇಳಲೇಬೇಕು. ಲ್ಯಾಪ್‌ಟಾಪ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಆಫೀಸಿನ ಮೇಲ್‌ಗಳನ್ನೆಲ್ಲ ನನ್ನ ಜಿಮೇಲಿಗೆ ಕಳಿಸಿಕೊಳ್ಳೋಣ ಅಂತ ಒಂದು ರಾತ್ರಿ ಕೂತಿದ್ದೆ. ಯೂನಿಯನ್ನಿನಲ್ಲಿರುವ ಒಬ್ಬ ಗೆಳೆಯರು ತಡೆದರು. ಗ್ರಾಹಕರ ಮಾಹಿತಿ ಇರುವ ಒಂದು ಮೇಲ್ ಹೊರಗೆ ಹೋದರೂ ಸಾಕು, ನಿಮ್ಮನ್ನು ತೆಗೆಯೋದಕ್ಕೆ ಅವರಿಗೆ ನಿಜವಾದ ಕಾರಣ ಸಿಕ್ಕಿಬಿಡುತ್ತದೆ, ಆಮೇಲೆ ಕಿರುಕುಳದ ಮಾತೇ ಬರುವುದಿಲ್ಲ ಅಂದರು. ಅದರ ಬದಲು ಒಂದು ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ಯಾರಿಗೆ ಯಾವ ವಿಷಯದ ಮೇಲ್ ಕಳಿಸಿದರು, ಮೀಟಿಂಗಿನಲ್ಲಿ ಯಾರಿದ್ದರು, ಏನಂದರು. ಮೇಲ್ ಒಳಗಿನ ಮಾತು ಬೇಡ, ಅದರ ಗುರುತು ಸಾಕು. ಇಂಥ ಕಾಗದ ಇದೆ ಅಂತ ಗೊತ್ತಿದ್ದರೆ ಕೊಡಿ ಅಂತ ಕೇಳಬಹುದು, ಕೇಳಿಸಬಹುದು. ನಮ್ಮದೇ ಆದ ಕಾಗದಗಳಿಗೆ ಈ ಭಯ ಇಲ್ಲ. ಸಂಬಳದ ಚೀಟಿ, ಫಾರ್ಮ್ 16, ನಮಗೆ ಬಂದ ಅಪ್ರೈಸಲ್ ಪತ್ರಗಳನ್ನು ಒಳಗಿರುವಾಗಲೇ ಇಳಿಸಿಟ್ಟುಕೊಳ್ಳಿ. ಪಿಎಫ್ ಪಾಸ್‌ಬುಕ್ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಹಾಕಿದರೆ ಯಾವಾಗ ಬೇಕಾದರೂ ಸಿಗುತ್ತದೆ, ಅದಕ್ಕೆ ಕಂಪನಿಯ ಮುಖ ನೋಡಬೇಕಿಲ್ಲ.

ಜೂನ್ ತಿಂಗಳಲ್ಲಿ ನನ್ನನ್ನು ತೆಗೆದರು. ಕಾರಣ, ಕೆಲಸದಲ್ಲಿ ಸುಧಾರಣೆ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕೆಲಸದ ಜಾಗದ ಕಿರುಕುಳಕ್ಕೇ ಅಂತ ನಮ್ಮಲ್ಲಿ ಬೇರೆ ಕಾನೂನಿಲ್ಲ. ಅದು ಲೈಂಗಿಕ ಕಿರುಕುಳವಾಗಿದ್ದರೆ 2013ರ ಕಾಯ್ದೆ ಇದೆ. ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ದೂರು ಕೊಡಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ವರದಿಯ ಪ್ರತಿ ದೂರು ಕೊಟ್ಟವಳಿಗೂ ಸಿಗಬೇಕು ಅಂತ ಅದರಲ್ಲೇ ಬರೆದಿದೆ. ನನ್ನದು ಅದಾಗಿರಲಿಲ್ಲ. ಬರೀ ಅವಮಾನ. ಅವಮಾನಕ್ಕೆ ಸೆಕ್ಷನ್ ಇಲ್ಲ. ಹಾಗಾಗಿ ನಾವು ಹಿಡಿಯಬೇಕಾದದ್ದು ಆ ಅವಮಾನದ ಕೊನೆಗೆ ಬರುವ ಆದೇಶವನ್ನು. ಕೆಲಸದಿಂದ ತೆಗೆದದ್ದು, ಸಂಬಳ ತಡೆದದ್ದು, ಗ್ರಾಚ್ಯುಟಿ ಕೊಡದಿದ್ದದ್ದು. ಅಂಥ ಪ್ರತಿ ಆದೇಶದ ಹಿಂದೆ ಕಾಗದ ಇರಲೇಬೇಕು.

ಕಾರ್ಮಿಕ ಇಲಾಖೆಯಲ್ಲಿ ಅರ್ಜಿ ಹಾಕಿದೆ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರು ಕೆಲಸಗಾರರ ಕಡೆಯವರು ಸಮ ಸಮ ಇರಬೇಕು ಅನ್ನುವುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಕಂಪನಿಯವರ ಮೊದಲ ವಾದ, ಇವರು ಟೀಮ್ ಲೀಡ್, ಕಾರ್ಮಿಕರಲ್ಲ, ಈ ಕಾನೂನು ಇವರಿಗಿಲ್ಲ ಅಂತ. ಈ ಮಾತಿಗೆ ಹೆದರಿ ಎಷ್ಟೋ ಜನ ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನವೂ ಮಾಡುತ್ತಿದ್ದ ಕೆಲಸವನ್ನು. ನಾನು ಯಾರಿಗೂ ರಜೆ ಮಂಜೂರು ಮಾಡುತ್ತಿರಲಿಲ್ಲ, ಯಾರ ಸಂಬಳವನ್ನೂ ತೀರ್ಮಾನಿಸುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಟೆಸ್ಟ್ ಮಾಡುತ್ತಿದ್ದೆ. ಅದಕ್ಕೂ ಕೆಲಸಕ್ಕೆ ಬಂದದ್ದು ಕಾಗದವೇ, ಅವರೇ ಕೊಟ್ಟ ಅಪ್ರೈಸಲ್ ಹಾಳೆಯಲ್ಲಿ ನನ್ನ ಕೆಲಸದ ವಿವರ ಇತ್ತು.

ಆ ಹೊತ್ತಿಗೇ ಯೂನಿಯನ್ನಿನ ಗೆಳೆಯರು ಇನ್ನೊಂದು ದಾರಿ ತೋರಿಸಿದರು, ಬೆಂಗಳೂರಿನ ಐಟಿಯವರಿಗೆ ಇದು ಗೊತ್ತಿರಲೇಬೇಕು. ಕೆಲಸದ ಷರತ್ತುಗಳನ್ನು ಬರೆದು ಮಂಜೂರು ಮಾಡಿಸಿಕೊಳ್ಳಬೇಕು ಅಂತ ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸರ್ಕಾರ ವಿನಾಯಿತಿ ಕೊಡುತ್ತಾ ಬಂತು. 2014ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ, ಐದೈದು ವರ್ಷಕ್ಕೆ. (2025ರ ನವೆಂಬರಿನಿಂದ ಆ ಕಾಯ್ದೆಯ ಜಾಗಕ್ಕೂ ಅದೇ ಸಂಹಿತೆ ಬಂದಿದೆ.) ಸುಮ್ಮನೆ ಕೊಟ್ಟದ್ದಲ್ಲ, ಷರತ್ತು ಹಾಕಿ ಕೊಟ್ಟದ್ದು. ಕುಂದುಕೊರತೆ ಸಮಿತಿ ಇರಬೇಕಿತ್ತು. ಯಾರನ್ನಾದರೂ ಅಮಾನತು ಮಾಡಿದರೆ, ತೆಗೆದರೆ, ಹಿಂಬಡ್ತಿ ಕೊಟ್ಟರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. ಅಂದರೆ ಕಂಪನಿ ನನಗೆ ಕೊಡದ ಮಾಹಿತಿಯಲ್ಲಿ ಒಂದಷ್ಟು ಸರ್ಕಾರಿ ಕಚೇರಿಯಲ್ಲಿ ಇರಬೇಕು. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲ, ನಿಜ. ಆದರೆ ಬೇರೆ ಕಾನೂನಿನ ಮೂಲಕ ಸರ್ಕಾರಿ ಕಚೇರಿ ಒಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ 2005ರ ಕಾಯ್ದೆಯ ಪ್ರಕಾರ ಮಾಹಿತಿಯೇ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಅರ್ಜಿ ಬರೆದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಎರಡು ಅರ್ಜಿ ಹಾಕಿದೆ. ಒಂದು, ಈ ಕಂಪನಿ ತನ್ನ ಕುಂದುಕೊರತೆ ಸಮಿತಿಯ ಬಗ್ಗೆ ಇಲಾಖೆಗೆ ಕೊಟ್ಟ ಮಾಹಿತಿಯ ಪ್ರತಿ. ಇನ್ನೊಂದು, 2023ರಲ್ಲಿ ಈ ಕಂಪನಿ ಇಲಾಖೆಗೆ ತಿಳಿಸಿದ ವಜಾ ಪ್ರಕರಣಗಳ ಪತ್ರಗಳ ಪ್ರತಿ. 30 ದಿನದೊಳಗೆ ಎರಡಕ್ಕೂ ಉತ್ತರ ಬಂತು. ಮೊದಲನೆಯದಕ್ಕೆ ಒಂದು ಪಟ್ಟಿ. ಅದರಲ್ಲಿ ಕೆಲಸಗಾರರ ಪ್ರತಿನಿಧಿ ಅಂತ ಇದ್ದ ಒಬ್ಬರು ಕಂಪನಿ ಬಿಟ್ಟು ಒಂದು ವರ್ಷವಾಗಿತ್ತು, ಅವರ ಬೀಳ್ಕೊಡುಗೆಗೆ ನಾನೇ ಕೇಕ್ ತಂದಿದ್ದೆ. ಎರಡನೆಯದಕ್ಕೆ ಒಂದೇ ಸಾಲು, ಅಂಥ ಪತ್ರ ಕಚೇರಿಯಲ್ಲಿ ಲಭ್ಯವಿಲ್ಲ. ನನಗೆ ಅದು ಸೋಲಿನ ಹಾಗೆ ಕಂಡಿತು. ಗೆಳೆಯರು ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಟ್ಟರು. ಕಳಿಸಬೇಕಿದ್ದ ಪತ್ರ ಕಳಿಸಿಲ್ಲ ಅನ್ನುವುದಕ್ಕೆ ಸರ್ಕಾರಿ ಮುದ್ರೆ ಇರುವ ಕಾಗದ ಅದು.

ಸರ್ಕಾರಿ ಕೆಲಸದಲ್ಲಿರುವವರಿಗೆ ಈ ದಾರಿ ಇನ್ನೂ ನೇರ. ನನ್ನ ಜೊತೆ ಓದಿದವಳೊಬ್ಬಳು ಹಾಸನದ ಕಡೆ ಒಂದು ಕಚೇರಿಯಲ್ಲಿದ್ದಾಳೆ. ಮೇಲಧಿಕಾರಿ ಕಾಟ ಕೊಡುತ್ತಿದ್ದರು, ಇವಳು ಮೇಲಿನವರಿಗೆ ದೂರು ಕೊಟ್ಟಳು, ಆರು ತಿಂಗಳು ಸುದ್ದಿ ಇಲ್ಲ. ಮಾಹಿತಿ ಹಕ್ಕಿನಲ್ಲಿ ತನ್ನದೇ ದೂರಿನ ಕಡತ, ಟಿಪ್ಪಣಿ ಹಾಳೆ ಸಮೇತ ನೋಡಬೇಕು ಅಂತ ಕೇಳಿದಳು. ಪ್ರತಿ ಕೊಡಿ ಅನ್ನುವುದರ ಜೊತೆಗೆ ಕಡತ ಪರಿಶೀಲನೆಗೆ ಅವಕಾಶ ಕೊಡಿ ಅಂತ ಕೇಳಬಹುದು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಕೂತು ಹಾಳೆ ತಿರುವಿದಾಗ ಕಂಡದ್ದು, ಅವಳ ದೂರನ್ನು ವಿಚಾರಿಸಿ ವರದಿ ಕೊಡಿ ಅಂತ ಕಳಿಸಿದ್ದು ಅದೇ ಮೇಲಧಿಕಾರಿಗೆ. ಅದನ್ನು ನೋಡದೆ ಇದ್ದಿದ್ದರೆ ಅವಳು ಇನ್ನೂ ಕಾಯುತ್ತಲೇ ಇರುತ್ತಿದ್ದಳು.

ಕೆಟ್ಟ ಮೇಲಧಿಕಾರಿಯ ಕೈಯಲ್ಲಿರುವ ದೊಡ್ಡ ಆಯುಧ, ನೌಕರರ ಕೆಲಸದ ಬಗ್ಗೆ ಅವರು ಬರೆಯುವ ವಾರ್ಷಿಕ ವರದಿ. ಅದರ ಬಗ್ಗೆ 2008ರ ದೇವ್ ದತ್ ಪ್ರಕರಣ ಓದಿ. ಗಡಿ ರಸ್ತೆಗಳ ಎಂಜಿನಿಯರ್ ಒಬ್ಬರಿಗೆ 1993-94ರ ವರದಿಯಲ್ಲಿ "ಗುಡ್" ಅಂತ ಬರೆದಿದ್ದರು. ಕೇಳಿದರೆ ಒಳ್ಳೆಯ ಮಾತೇ. ಆದರೆ ಬಡ್ತಿಗೆ ಬೇಕಿದ್ದದ್ದು "ವೆರಿ ಗುಡ್". ಅವರಿಗೆ ಅದನ್ನು ತಿಳಿಸಿಯೇ ಇರಲಿಲ್ಲ, ಬಡ್ತಿ ಹೋಯಿತು. ಕೆಟ್ಟದ್ದಿರಲಿ ಒಳ್ಳೆಯದಿರಲಿ, ವರದಿಯಲ್ಲಿ ಬರೆದ ಪ್ರತಿಯೊಂದನ್ನೂ ಆ ನೌಕರರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು, 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಇಲಾಖಾ ವಿಚಾರಣೆಯಲ್ಲಿ ನಿಮ್ಮ ಮೇಲಿನ ಆರೋಪಕ್ಕೆ ಆಧಾರವಾದ ಕಾಗದಗಳ ಪ್ರತಿ, ಶಿಕ್ಷೆಗೆ ಮುಂಚೆ ವಿಚಾರಣಾ ವರದಿಯ ಪ್ರತಿ ನಿಮಗೆ ಕೊಡಬೇಕು ಅನ್ನುವುದೂ ಹಾಗೆಯೇ ಕೋರ್ಟಿನಿಂದ ಬಂದ ಹಕ್ಕು. ಇದನ್ನೆಲ್ಲ ಓದುವಾಗ ಆ ಎಂಜಿನಿಯರ್ ಬಗ್ಗೆ ಯೋಚಿಸುತ್ತಿದ್ದೆ. ಒಂದು ಪದಕ್ಕೆ ಎಷ್ಟು ವರ್ಷ ಓಡಾಡಿದರು ಆ ಮನುಷ್ಯ.

ಇಂಗ್ಲೆಂಡಿನಲ್ಲಿರುವ ನನ್ನ ಕಾಲೇಜಿನ ಗೆಳತಿಗೂ ಇದೇ ಕಾಟ ಬಂದಿತ್ತು. ಅಲ್ಲಿ ಕಂಪನಿ ಖಾಸಗಿಯೋ ಸರ್ಕಾರಿಯೋ ಅನ್ನುವ ಪ್ರಶ್ನೆಯೇ ಇಲ್ಲ. ನನ್ನ ಬಗ್ಗೆ ನಿಮ್ಮ ಹತ್ತಿರ ಇರುವ ಮಾಹಿತಿ ಕೊಡಿ ಅಂತ ಒಂದು ಮೇಲ್ ಬರೆದರೆ ಒಂದು ತಿಂಗಳೊಳಗೆ ಕೊಡಬೇಕು, ದುಡ್ಡು ಕೇಳುವ ಹಾಗಿಲ್ಲ, ತುಂಬಾ ಜಟಿಲವಾಗಿದ್ದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಇಬ್ಬರು ಮ್ಯಾನೇಜರುಗಳು ಅವಳ ಬಗ್ಗೆ ಚಾಟಿನಲ್ಲಿ ಆಡಿಕೊಂಡ ಮಾತು ಕೂಡ ಅದರಲ್ಲಿ ಬಂತು, ಬೇರೆಯವರ ಹೆಸರಿನ ಮೇಲೆ ಮಾತ್ರ ಕಪ್ಪು ಪಟ್ಟಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೂ ಕೇಳುವ ಹಕ್ಕಿದೆ, ಆದರೆ ಕೊಡಬೇಕಾದದ್ದು ಸಾರಾಂಶ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಭಾಗಗಳು ಜಾರಿಗೆ ಬರುವುದಕ್ಕೆ ಅಲ್ಲಿಂದ ಹದಿನೆಂಟು ತಿಂಗಳು ಇಟ್ಟಿದ್ದಾರೆ. ಸಾರಾಂಶದಿಂದ ಏನು ಪ್ರಯೋಜನ ಅಂತ ನನಗೆ ಬೇಸರವಿದೆ. ನನ್ನ ಪ್ರಕರಣವನ್ನು ಉಳಿಸಿದ್ದು ಒಂದು ಹಾಳೆಯ ಮೂಲೆಯಲ್ಲಿದ್ದ ತಾರೀಕು. ಸಾರಾಂಶ ಮಾಡುವವರು ಮೊದಲು ಬಿಡುವುದೇ ಅಂಥದ್ದನ್ನು.

ಆ ಹಾಳೆ ಬಂದದ್ದು ಹೀಗೆ. ನನ್ನ ಅರ್ಜಿಯ ಮೇಲೆ ಕಾರ್ಮಿಕ ಇಲಾಖೆಯ ಅಧಿಕಾರಿ ಎರಡೂ ಕಡೆಯವರನ್ನು ಕರೆಸಿ ನಡೆಸಿದ ಸಂಧಾನದಲ್ಲಿ ಕಂಪನಿ ಲಿಖಿತ ಉತ್ತರ ಕೊಡಬೇಕಾಯಿತು. ನನ್ನನ್ನು ತೆಗೆದದ್ದು ಸರಿ ಅಂತ ತೋರಿಸಬೇಕಲ್ಲ, ಅದಕ್ಕೆ ನನಗೆ ಮೇ ತಿಂಗಳಲ್ಲಿ ಕಾನ್ಫಿಡೆನ್ಶಿಯಲ್ ಅಂದಿದ್ದ ರಿವ್ಯೂ ಮೀಟಿಂಗಿನ ಟಿಪ್ಪಣಿಗಳನ್ನು ತಾವೇ ಲಗತ್ತಿಸಿದರು. ಒಂದು ಪ್ರತಿ ನನ್ನ ಕೈಗೂ ಬಂತು. ಇದು ನಾನು ಕಲಿತ ದೊಡ್ಡ ಪಾಠ. ನಾವು ಕೇಳಿದಾಗ ಸಿಗದ ಕಾಗದ, ಅವರಿಗೆ ಬೇಕಾದಾಗ ಹೊರಗೆ ಬರುತ್ತದೆ. ಅವರ ಉತ್ತರದಲ್ಲಿ ಯಾವುದಾದರೂ ದಾಖಲೆಯ ಹೆಸರು ಹೇಳಿ ಪ್ರತಿ ಕೊಟ್ಟಿಲ್ಲ ಅಂದರೆ ಅಲ್ಲೇ ಹಿಡಿದು ಕೇಳಿ.

ಆರು ಹಾಳೆ ಇದ್ದವು. ನಾನು ಓದಲು ಶುರು ಮಾಡಿ ಎರಡನೆಯದಕ್ಕೇ ನಿಲ್ಲಿಸಿದೆ. ಉದಾಸೀನ, ಕಲಿಯುವ ಆಸಕ್ತಿ ಇಲ್ಲ, ತಂಡಕ್ಕೆ ಹೊರೆ. ಹೊಟ್ಟೆ ತೊಳೆಸಿದಂತಾಯಿತು. ಚಿಕ್ಕಪ್ಪ ಬೆಂಗಳೂರಿಗೆ ಬಂದಿದ್ದರು, ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತೆಗೆದರು. ಅವರಿಗೆ ಇಂಗ್ಲಿಷ್ ಓದುವುದು ನಿಧಾನ. ಅವರು ಮಾತುಗಳನ್ನು ಓದುತ್ತಲೇ ಇರಲಿಲ್ಲ, ಮೇಲೆ ತಾರೀಕು, ಕೆಳಗೆ ಸಹಿ, ಅಷ್ಟೇ ನೋಡುತ್ತಿದ್ದರು. ನಾಲ್ಕನೇ ಹಾಳೆಯ ಮೇಲೆ ಬೆರಳು ನಿಂತಿತು.

"ಮಗಾ, ಮಾರ್ಚ್ ಒಂಬತ್ತು ಅಂತಿದೆ. ಅವತ್ತು ಅಣ್ಣನ ಶಿವಗಣಾರಾಧನೆ ಅಲ್ವಾ?"

ಆ ಹಾಳೆಯಲ್ಲಿ ಹೀಗಿತ್ತು. 2023ರ ಮಾರ್ಚ್ 9ರಂದು ಮಧ್ಯಾಹ್ನ ಮೂರಕ್ಕೆ ನಡೆದ ರಿವ್ಯೂ ಮೀಟಿಂಗಿನಲ್ಲಿ ನೌಕರಳು ಖುದ್ದಾಗಿ ಹಾಜರಿದ್ದು ತನ್ನ ಕುಂದುಗಳನ್ನು ಒಪ್ಪಿಕೊಂಡಿದ್ದಾಳೆ. ಆ ಮೂರು ಗಂಟೆಗೆ ನಾನು ತಿಪಟೂರಿನ ನಮ್ಮ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗಿದ್ದೆ. ಊಟದ ಮೂರನೇ ಪಂಕ್ತಿ ನಡೆಯುತ್ತಿತ್ತು. ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು, ಬಂದವರನ್ನು ಮಾತಾಡಿಸಲು ನಾನೊಬ್ಬಳೇ ಇದ್ದೆ. ಅವತ್ತು ನಾನು ಫೋನ್ ಕೂಡ ಮುಟ್ಟಿರಲಿಲ್ಲ.

ಒಂದು ವರ್ಷ ನಾನು ನನ್ನ ಮೇಲೆಯೇ ಅನುಮಾನ ಪಟ್ಟಿದ್ದೆ. ನಿಜವಾಗಿಯೂ ನನಗೆ ಕೆಲಸ ಬರುವುದಿಲ್ಲವೇನೋ, ನಾನೇ ಜಾಸ್ತಿ ಅಂದುಕೊಳ್ಳುತ್ತಿದ್ದೇನೇನೋ, ಅವರು ಹೇಳುವುದರಲ್ಲಿ ಸ್ವಲ್ಪವಾದರೂ ಸತ್ಯ ಇರಬಹುದೇನೋ ಅಂತ ದಿನಾ ರಾತ್ರಿ ಅಂದುಕೊಂಡು ಮಲಗುತ್ತಿದ್ದೆ. ಆ ಹಾಳೆ ನೋಡಿದ ಮೇಲೆ ಅದು ನಿಂತಿತು. ಸಿಟ್ಟೂ ಬರಲಿಲ್ಲ. ಚಿಕ್ಕಪ್ಪ ಅಡುಗೆ ಮನೆಗೆ ಹೋಗಿ ತಾವೇ ಟೀ ಮಾಡಿಕೊಂಡು ಬಂದರು.

ಮುಂದಿನ ತಾರೀಕಿಗೆ ನಾನೇ ಮಾತಾಡಿದೆ. 1947ರ ಆ ಕಾಯ್ದೆಯ ಪ್ರಕಾರ ಸಂಧಾನದಲ್ಲಿ ವಕೀಲರು ಇರುವ ಹಾಗಿರಲಿಲ್ಲ, ಎರಡೂ ಕಡೆಗೆ. ಗೆಳೆಯರು ಪಕ್ಕದಲ್ಲಿದ್ದರು. ಸಂಧಾನಾಧಿಕಾರಿಗೆ ಸಂಬಂಧಪಟ್ಟ ದಾಖಲೆ ತರಿಸಿ ನೋಡುವ ಅಧಿಕಾರ 11(4)ನೇ ಸೆಕ್ಷನ್ನಿನಲ್ಲೇ ಇತ್ತು, ಕೋರ್ಟಿಗೆ ಹೋಗುವವರೆಗೆ ಕಾಯಬೇಕಿರಲಿಲ್ಲ. ಹಾಗಾಗಿ ಎರಡೇ ಕಾಗದ ಕೇಳಿದೆ. ಮಾರ್ಚ್ ತಿಂಗಳ ನನ್ನ ರಜೆಯ ದಾಖಲೆ, ಮಾರ್ಚ್ 9ರ ನನ್ನ ಆಕ್ಸೆಸ್ ಕಾರ್ಡಿನ ಲಾಗ್, ಅಂದರೆ ಆಫೀಸಿನ ಒಳಗೆ ಹೊರಗೆ ಹೋದದ್ದರ ದಾಖಲೆ. ನನ್ನ ಕಡೆಯಿಂದ ಅಪ್ಪನ ಮರಣ ಪ್ರಮಾಣಪತ್ರ ಮತ್ತು ಶಿವಗಣಾರಾಧನೆಯ ಪತ್ರಿಕೆ ಕೊಟ್ಟೆ. ಹಳದಿ ಬಣ್ಣದ ಪತ್ರಿಕೆ, ಮೇಲೆ ಅಪ್ಪನ ಫೋಟೋ, ಕೆಳಗೆ ದಿನಾಂಕ 9-3-2023, ಗುರುವಾರ. ಅದಕ್ಕೆ ಅನುಬಂಧ 7 ಅಂತ ಸಂಖ್ಯೆ ಹಾಕಿದೆವು. ಅಧಿಕಾರಿ ಅದನ್ನು ಸ್ವಲ್ಪ ಹೊತ್ತು ನೋಡಿ, ಕಂಪನಿಯ ಕಡೆಯವರಿಗೆ ಈ ಎರಡು ದಾಖಲೆ ತನ್ನಿ ಅಂದರು. ಅವರು ಸಮಯ ಕೇಳಿದರು. ಎರಡು ಸಲ ಕೇಳಿದರು. ಮೂರನೇ ಸಲ ದಾಖಲೆ ತರಲಿಲ್ಲ, ಒಪ್ಪಂದಕ್ಕೆ ಬರುತ್ತೇವೆ ಅಂತ ಬಂದರು.

ವಾಟ್ಸಾಪ್ ಮೆಸೇಜುಗಳ ಬಗ್ಗೆ ಒಂದು ಮಾತು. ರಾತ್ರಿ ಹನ್ನೊಂದರ ಆ ಮೆಸೇಜುಗಳೆಲ್ಲ ನನ್ನ ಫೋನಿನಲ್ಲೇ ಇದ್ದವು. ಸ್ಕ್ರೀನ್‌ಶಾಟ್ ತೆಗೆದರೆ ಸಾಕು ಅಂದುಕೊಂಡಿದ್ದೆ. ಕೋರ್ಟಿನಲ್ಲಿ ಪ್ರಿಂಟ್ ಕೊಡುವುದಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಹಳೆಯ ಕಾಯ್ದೆಯಲ್ಲಿ ಅದು 65ಬಿ, ಹೊಸದರಲ್ಲಿ 63, ಈಗ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಸಂಕೇತ) ನಮೂದಿಸಬೇಕು. ಆದ್ದರಿಂದ ಫೋನ್ ಬದಲಾಯಿಸಬೇಡಿ, ಬದಲಾಯಿಸಿದರೂ ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ. ನನ್ನ ಆ ಹಳೇ ಫೋನ್ ಇನ್ನೂ ಬೀರುವಿನಲ್ಲಿದೆ.

2024ರ ಜನವರಿಯಲ್ಲಿ ಅದೇ ಕಾಯ್ದೆಯ 12(3)ರಡಿ, ಸಂಧಾನಾಧಿಕಾರಿಯ ಎದುರಿಗೆ ಒಪ್ಪಂದ ಆಯಿತು. ಕೆಲಸಕ್ಕೆ ವಾಪಸ್ ಹೋಗುವುದು ನನಗೆ ಬೇಕಿರಲಿಲ್ಲ. ತೆಗೆದ ಆದೇಶ ಹಿಂತೆಗೆದುಕೊಂಡರು, ನೋಟಿಸ್ ಅವಧಿಯ ಸಂಬಳ, ಏಳು ವರ್ಷದ ಗ್ರಾಚ್ಯುಟಿ, ಸರಿಯಾದ ರಿಲೀವಿಂಗ್ ಲೆಟರ್ ಕೊಟ್ಟರು. ಆ ಮ್ಯಾನೇಜರಿಗೆ ಏನಾದರೂ ಆಯಿತಾ ಅಂತ ಎಲ್ಲರೂ ಕೇಳುತ್ತಾರೆ. ಏನೂ ಆಗಲಿಲ್ಲ. ನನಗೆ ಅದು ಇವತ್ತಿಗೂ ನೋವಿನ ವಿಷಯವೇ. ಕಿರುಕುಳ ಅನ್ನುವ ಪದ ಆ ಒಪ್ಪಂದದಲ್ಲಿ ಎಲ್ಲೂ ಇಲ್ಲ.

ಆ ಹುಡುಗಿ ಫೋನಿನಲ್ಲಿ ಕೊನೆಗೆ ಕೇಳಿದಳು, "ಅಕ್ಕಾ, ಮೊದಲು ಏನ್ ಮಾಡ್ಲಿ?" ನೀನು ಈವರೆಗೆ ಬಾಯಲ್ಲಿ ಹೇಳಿರೋದನ್ನೆಲ್ಲ ತಾರೀಕು ಹಾಕಿ ಒಂದು ಮೇಲ್ ಮಾಡು, ಇವತ್ತು ರಾತ್ರಿಯೇ ಮಾಡು, ಇನ್ನೂ ಕೆಲಸದಲ್ಲಿರುವಾಗಲೇ ಮಾಡು ಅಂದೆ. ಹನ್ನೆರಡೂವರೆಗೆ ನನಗೆ ಮೆಸೇಜ್ ಬಂತು, ಕಳಿಸಿದೆ ಅಕ್ಕಾ ಅಂತ.

ನನ್ನ ಕಥೆಯಲ್ಲಿ ಒಂದು ಕಾಗದ ಉಳಿದುಹೋಯಿತು. ಒಪ್ಪಂದ ಆಗಿ ಒಂದು ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿ, ಅಪ್ಪನ ಕಾರ್ಯದ ಪತ್ರಿಕೆ ಒಂದೂ ಮನೇಲಿಲ್ಲ, ನಿನ್ನ ಹತ್ರ ಇದ್ಯೇನೆ, ವರ್ಷದ ಪುಣ್ಯಸ್ಮರಣೆಗೆ ಅದೇ ಫೋಟೋ ಹಾಕ್ಸೋಣ ಅಂದಳು. ನನ್ನ ಹತ್ತಿರ ಇದ್ದದ್ದು ಒಂದೇ, ಅದು ಕಡತದಲ್ಲಿತ್ತು. ಮಾರನೇ ದಿನ ಮತ್ತೊಂದು ಅರ್ಜಿ ಬರೆದೆ. ಪ್ರಕರಣ ಮುಗಿದಿರುವುದರಿಂದ ಅನುಬಂಧ 7ರ ಮೂಲ ಪ್ರತಿಯನ್ನು ವಾಪಸ್ ಕೊಡಿಸಬೇಕು, ಬದಲಿಗೆ ನಕಲು ಪ್ರತಿ ಲಗತ್ತಿಸಿದ್ದೇನೆ. ದಿನಾಂಕ ಹಾಕಿದೆ, ಸಹಿ ಹಾಕಿದೆ, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಗುಮಾಸ್ತರು ಕಡತ ಬಿಚ್ಚಿ, ದಾರದಿಂದ ಪತ್ರಿಕೆ ಬಿಡಿಸಿ ಕೊಟ್ಟರು. ಅಪ್ಪನ ಫೋಟೋದ ಪಕ್ಕದಲ್ಲಿ ಕಡತಕ್ಕೆ ಹೊಲಿದ ಎರಡು ತೂತು ಬಿದ್ದಿತ್ತು. ಅವತ್ತು ಸಂಜೆಯ ರೈಲಿಗೆ ತಿಪಟೂರಿಗೆ ತೆಗೆದುಕೊಂಡು ಹೋದೆ.